‘ರಗಳೆ’ ಎಂಬ ಶಬ್ದದ ಗತಿ

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯೇ ಪಾಲ್ಕುರಿಕೆ ಸೋಮನಾಥನ ಊರೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಹಳಗನ್ನಡದ ಪಕಾರವು ಹಕಾರವಾಗುವುದರಿಂದ ‘ಪಾಲ್’ ‘ಹಾಲ್’ ಆಗುವುದು ಸಹಜವೇ. ಆದರೆ ತೆಲುಗಿನ ಬಂಡಾರು ತಮ್ಮಯ್ಯನವರು ಓರುಗಲ್ಲು ಸೀಮೆಯ ಪಾಲಕುರ್ತಿಯನ್ನು ಎತ್ತಿಹಿಡಿದರು. ಶಬ್ದಸಾಮ್ಯವೊಂದರಿಂದಲೇ ಕವಿಯ ಊರನ್ನು ನಿರ್ಣಯಿಸಲಾಗದು.

ಇಂತಹ ವಾದವನ್ನು ಇಂದಿನ ಜನ ‘ರಗಳೆ’ ಎಂದು ಬದಿಗೆ ತಳ್ಳಿಯಾರು. ಸೋಮನಾಥನಿಗಾದರೋ ಅದು ಪೂಜ್ಯವಾದ ಕಾವ್ಯರೂಪ. ಕನ್ನಡದ ‘ಸದ್ಗುರುರಗಳೆ’ಯು ಆತನ ಹೆಸರಿನಲ್ಲಿಯೇ ಇದೆ.

ಲಾಕ್ಷಣಿಕರು ‘ರಘಟಾ’ ಎಂದು ಕರೆದ ಈ ಛಂದಸ್ಸನ್ನು 10ನೆಯ ಶತಮಾನದ ಪಂಪನು ಚಂಪುವಿನ ನಡುವೆ ಅಲ್ಲಲ್ಲಿ ಬಳಸಿದನು. ಹರಿಹರನು ಅದನ್ನೇ ಶರಣರ ಚರಿತೆಗಳಿಗೆ ಹಿಗ್ಗಿಸಿದನು. ಆತನ ‘ಬಸವರಾಜದೇವರ ರಗಳೆ’ಯಲ್ಲಿ ಪದ್ಯಸ್ಥಲದೊಡನೆ ಗದ್ಯಸ್ಥಲವೂ ಇದೆ, ಆದರೂ ಇಡಿಯ ಕೃತಿಗೆ ರಗಳೆಯೆಂಬುದೇ ಹೆಸರು. ಮಾತ್ರಾಗಣಗಳ ಕಟ್ಟೊಂದನ್ನು ಸೂಚಿಸುತ್ತಿದ್ದ ಶಬ್ದವು ಇಲ್ಲಿ ಶಿವಭಕ್ತರ ಚರಿತೆಯೆಂಬ ಅರ್ಥವನ್ನು ಪಡೆಯಿತು. ಅದರ ಅರ್ಥಾಂತರಗಳಲ್ಲಿ ಹಿರಿದಾದುದು ಇದೇ. ನಿಘಂಟು ನೋಡುವವರು ಸಾಮಾನ್ಯವಾಗಿ ಗಮನಿಸದಿರುವುದೂ ಇದನ್ನೇ.

ರಗಳೆಗೆ ಸಾಲುಗಳ ಮಿತಿಯಿಲ್ಲ. ಎರಡೆರಡು ಸಾಲಿಗೆ ಪ್ರಾಸ ಕೂಡಿದರೆ ಸಾಕು, ಕವಿ ಬಯಸಿದಷ್ಟು ದೂರ ಅದು ಹರಿಯುತ್ತದೆ. ಭಕ್ತಿಯ ಆವೇಶಕ್ಕೆ ಒದಗಿದ ಈ ಗುಣವೇ, ಕೇಳುವ ವ್ಯವಧಾನ ತಪ್ಪಿದವರಿಗೆ ಮುಗಿಯದ ಮಾತಾಗಿ, ಕೊನೆಗೆ ಕಿರಿಕಿರಿಯಾಗಿ, ತಕರಾರಾಗಿ ತೋರಿರಬೇಕು. ಹಟ ಹಿಡಿದ ಮಗುವಿಗೂ ಈಗ “ರಗಳೆ ಮಾಡಬೇಡ” ಎನ್ನುತ್ತೇವೆ. ತೆಲುಗಿನ ‘ರಗಡ’ಕ್ಕೂ ಇದೇ ಗತಿ: ಛಂದೋಗ್ರಂಥದಲ್ಲಿ ಅದು ಪದ್ಯಜಾತಿ, ಬೀದಿಯಲ್ಲಿ ಜಗಳ.