ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬ್ರೌಸರ್ ಸ್ಕ್ರಿಪ್ಟ್ ತಡೆದರೆ ಅಫಿಲಿಯೇಟ್ ಕಮಿಷನ್ ಎಲ್ಲಿ ಹೋಗುತ್ತೆ?

ಕುಷ್ಟಗಿಯಲ್ಲಿ ಕೂತು ಕೆಎಎಸ್‌ಗೆ ಓದುತ್ತಿರುವವರೊಬ್ಬರು, ತಾವು ಬಳಸುವ ಪುಸ್ತಕಗಳ ಪಟ್ಟಿಯನ್ನು ತಮ್ಮ ಬ್ಲಾಗ್‌ನಲ್ಲೂ ಟೆಲಿಗ್ರಾಂ ಚಾನೆಲ್‌ನಲ್ಲೂ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಪ್ರತಿ ಪುಸ್ತಕದ ಕೆಳಗೆ ಒಂದು ಲಿಂಕ್. ಯಲಬುರ್ಗಾದ ಇನ್ನೊಬ್ಬರು ಅದನ್ನು ಒತ್ತಿ ಪುಸ್ತಕ ತರಿಸಿಕೊಂಡರೆ, ಮಾರಾಟದ ಸಣ್ಣ ಪಾಲು ಪಟ್ಟಿ ಹಾಕಿದವರಿಗೆ ಬರಬೇಕು. ಇದೇ ಅಫಿಲಿಯೇಟ್ ವ್ಯವಹಾರ.

ಗಂಗಾವತಿಯ ಭತ್ತದ ವ್ಯಾಪಾರ ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಗಿರಾಕಿ ಕರೆತಂದವನಿಗೆ ಒಂದು ಪಾಲು, ಅದಕ್ಕೆ ದಲಾಲಿ ಅಂತಾರೆ. ವ್ಯತ್ಯಾಸ ಇರುವುದು ತೂಕದಲ್ಲಿ. ದಲಾಲ ತಕ್ಕಡಿ ಪಕ್ಕದಲ್ಲೇ ನಿಂತಿರುತ್ತಾನೆ. ಇಲ್ಲಿ ತೂಕ ನಡೆಯುವುದು ಯಾರದೋ ಬ್ರೌಸರ್‌ನಲ್ಲಿ ಮತ್ತು ಕಂಪನಿಯ ಸರ್ವರ್‌ನಲ್ಲಿ. ಎರಡೂ ನಿಮ್ಮ ಕಣ್ಣಿಗೆ ಬೀಳಲ್ಲ.

ಎಣಿಕೆ ನಡೆಯುವುದು ಹೇಗೆ?

ವೆಬ್‌ಗೆ ಹುಟ್ಟಿನಿಂದಲೇ ಮರೆವು. ಈ ಪುಟ ತೆರೆದವರೇ ಮುಂದಿನ ಪುಟಕ್ಕೂ ಬಂದರು ಎಂಬುದು ಸರ್ವರ್‌ಗೆ ತಾನಾಗಿ ಗೊತ್ತಾಗಲ್ಲ. ಇದಕ್ಕೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿ ತಂದರು. ಮರುವರ್ಷ ಅದೇ ಕಂಪನಿಯಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಬರೆದರು. 1996ರಲ್ಲಿ ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆ ಶುರು ಮಾಡಿತು.

ಅಮೆಜಾನ್‌ನ ನೇರ ಲಿಂಕ್ ಇವುಗಳಲ್ಲಿ ಸರಳ. ವಿಳಾಸದ ಬಾಲದಲ್ಲೇ ನಿಮ್ಮ ಗುರುತಿನ ಟ್ಯಾಗ್ ಅಂಟಿಕೊಂಡಿರುತ್ತದೆ. ಅದನ್ನು ಓದುವುದು ಅಂಗಡಿಯ ಸರ್ವರ್. ನಿಮ್ಮ ಪುಟದಲ್ಲಿ ಯಾವ ಸ್ಕ್ರಿಪ್ಟೂ ಓಡಬೇಕಿಲ್ಲ. ಹಾಗಾಗಿ ಓದುಗರು ನಿಮ್ಮ ಪುಟದ ಸ್ಕ್ರಿಪ್ಟ್‌ಗಳನ್ನೆಲ್ಲ ತಡೆದಿದ್ದರೂ ಈ ಲಿಂಕ್ ಎಣಿಕೆಗೆ ಬರುತ್ತದೆ. ಸಾಮಾನ್ಯವಾಗಿ 24 ಗಂಟೆಯ ಗಡುವು. ನಡುವೆ ಗಿರಾಕಿ ಬೇರೊಬ್ಬರ ಅಫಿಲಿಯೇಟ್ ಲಿಂಕ್ ಒತ್ತಿದರೆ ಗಡುವು ಅಲ್ಲಿಗೇ ಮುಗೀತು.

ತೊಂದರೆ ಇರುವುದು ಎರಡನೆಯ ಬಗೆಯಲ್ಲಿ. ಕ್ಯೂಲಿಂಕ್ಸ್, ಸ್ಕಿಮ್‌ಲಿಂಕ್ಸ್‌ನಂಥ ಜಾಲಗಳು ಒಂದು ಸಾಲಿನ ಸ್ಕ್ರಿಪ್ಟ್ ಕೊಡುತ್ತವೆ. ಅದನ್ನು ನಿಮ್ಮ ಸೈಟ್‌ನಲ್ಲಿ ಹಾಕಿದರೆ ಸಾಕು, ಅಂಗಡಿಗಳ ಸಾದಾ ಲಿಂಕ್‌ಗಳೆಲ್ಲ ಓದುಗರ ಬ್ರೌಸರ್‌ನಲ್ಲೇ ಅಫಿಲಿಯೇಟ್ ಲಿಂಕ್‌ಗಳಾಗಿ ಬದಲಾಗುತ್ತವೆ. ಬಲು ಸಲೀಸು. ಆದ್ರೆ ಓದುಗರು ಯುಬ್ಲಾಕ್ ಒರಿಜಿನ್ ಅಥವಾ ನೋಸ್ಕ್ರಿಪ್ಟ್ ಹಾಕಿಕೊಂಡಿದ್ದು ಆ ಸ್ಕ್ರಿಪ್ಟ್ ತಡೆಯಲ್ಪಟ್ಟರೆ? ಲಿಂಕ್ ಸಾದಾ ಲಿಂಕ್ ಆಗಿಯೇ ಉಳಿಯುತ್ತದೆ. ಪುಟ ತೆರೆಯುತ್ತದೆ, ಗಿರಾಕಿಗೆ ಪುಸ್ತಕ ಸಿಗುತ್ತದೆ, ಅಂಗಡಿಗೆ ವ್ಯಾಪಾರ ಆಗುತ್ತದೆ. ನಿಮಗೆ ಸೊನ್ನೆ. ಯಾವ ಎಚ್ಚರಿಕೆಯ ಸಂದೇಶವೂ ಬರಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಆ ಕ್ಲಿಕ್ ನಡೆದೇ ಇಲ್ಲ. ನನ್ನ ಪ್ರಕಾರ ಇದೇ ಅತಿ ಕೆಟ್ಟ ನಷ್ಟ, ಯಾಕಂದ್ರೆ ನಷ್ಟವಾಗಿದೆ ಅನ್ನೋದೇ ಗೊತ್ತಾಗಲ್ಲ.

ಮೂರನೆಯದರಲ್ಲಿ ಲಿಂಕ್ ಮೊದಲು ಜಾಲದ ಡೊಮೇನ್‌ಗೆ ಹೋಗಿ, ಅಲ್ಲಿಂದ ಅಂಗಡಿಗೆ ಹೊರಳುತ್ತದೆ. ಹಣ ಕಟ್ಟಿದ ಮೇಲೆ ಬರುವ 'ಧನ್ಯವಾದ' ಪುಟದಲ್ಲಿ ಜಾಲದ ಸ್ಕ್ರಿಪ್ಟ್ ಅಥವಾ ಕಣ್ಣಿಗೆ ಕಾಣದ ಒಂದು ಚಿತ್ರ 'ಮಾರಾಟ ಆಯ್ತು' ಎಂದು ವರದಿ ಮಾಡುತ್ತದೆ. ಇಲ್ಲಿ ಎರಡು ಕಡೆ ಮುರಿಯಬಹುದು. ಕೊನೆಯ ವರದಿಯನ್ನು ತಡೆದರೆ ಕ್ಲಿಕ್ ದಾಖಲಾಗಿಯೂ ಮಾರಾಟ ದಾಖಲಾಗಲ್ಲ. ನಡುವಿನ ಡೊಮೇನ್ ತಡೆಪಟ್ಟಿಯಲ್ಲಿದ್ದರಂತೂ ಲಿಂಕ್ ತೆರೆಯುವುದೇ ಇಲ್ಲ. ಯುಬ್ಲಾಕ್ ಒಂದು ಎಚ್ಚರಿಕೆ ಪುಟ ತೋರಿಸಿ ನಿಲ್ಲಿಸುತ್ತದೆ.

ಬ್ರೌಸರ್‌ಗಳೇ ಬದಲಾದವು

ಬ್ಲಾಕರ್ ಹಾಕದವರೂ ಈ ಲೆಕ್ಕದಿಂದ ಹೊರಗಿಲ್ಲ. ಆಪಲ್‌ನ ಸಫಾರಿ 2017ರಿಂದಲೇ ಟ್ರ್ಯಾಕಿಂಗ್‌ಗೆ ಕಡಿವಾಣ ಹಾಕತೊಡಗಿತು. ಸ್ಕ್ರಿಪ್ಟ್ ಇಟ್ಟ ಕುಕಿಗಳ ಆಯುಷ್ಯವನ್ನು 2019ರಲ್ಲಿ 7 ದಿನಕ್ಕೆ ಇಳಿಸಿತು. 2020ರಲ್ಲಿ ಮೂರನೆಯವರ ಕುಕಿಗಳನ್ನು ಪೂರ್ತಿ ನಿಲ್ಲಿಸಿತು. ಒಪ್ಪಂದದಲ್ಲಿ '30 ದಿನದ ಕುಕಿ' ಎಂದು ಬರೆದಿದ್ದರೂ, ಅದು ಸ್ಕ್ರಿಪ್ಟ್ ಇಟ್ಟ ಕುಕಿಯಾಗಿದ್ದರೆ ಐಫೋನ್ ಗಿರಾಕಿಯ ಮಟ್ಟಿಗೆ ಆ 30 ಕಾಗದದ ಮೇಲೆ ಮಾತ್ರ. ಫೈರ್‌ಫಾಕ್ಸ್ 2019ರಲ್ಲಿ ಎಲ್ಲರಿಗೂ ಟ್ರ್ಯಾಕರ್ ತಡೆ ಕೊಟ್ಟಿತು. ಗೂಗಲ್ ಮಾತ್ರ ಮೂರನೆಯವರ ಕುಕಿ ತೆಗೀತೀವಿ ಎಂದು 2020ರಲ್ಲಿ ಘೋಷಿಸಿ, ಮುಂದೂಡಿ ಮುಂದೂಡಿ, 2024ರಲ್ಲಿ ಆ ಮಾತನ್ನೇ ಕೈಬಿಟ್ಟಿತು. ಗೂಗಲ್‌ನ ಮುಖ್ಯ ಆದಾಯ ಜಾಹೀರಾತಿನದು ಅನ್ನೋದು ನೆನಪಿರಲಿ.

ನಮ್ಮ ಕಡೆ ಬಹಳಷ್ಟು ಜನರ ಇಂಟರ್ನೆಟ್ ಅಂದ್ರೆ ಆಂಡ್ರಾಯ್ಡ್ ಫೋನ್. ಅದರ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರಲ್ಲ. ಹಾಗಂತ ತಡೆ ಇಲ್ಲ ಅಂತಲ್ಲ: ಬ್ರೇವ್ ಇದೆ, ಫೈರ್‌ಫಾಕ್ಸ್ ಇದೆ, ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಬದಲಿಸಿ ಇಡೀ ಫೋನಿಗೆ ಜಾಹೀರಾತು ತಡೆಯುವ ದಾರಿಯೂ ಇದೆ. ಇನ್ನೊಂದೆಡೆ, ಟೆಲಿಗ್ರಾಂನ ಲಿಂಕ್ ನೇರವಾಗಿ ಅಂಗಡಿಯ ಆ್ಯಪ್‌ನಲ್ಲೇ ತೆರೆದುಕೊಂಡರೆ ಬ್ರೌಸರ್‌ನ ತಡೆಗಳು ಅಲ್ಲಿ ಲೆಕ್ಕಕ್ಕೇ ಬರಲ್ಲ.

ಕದಿಯುವವರು ಬೇರೆ

ಕಮಿಷನ್ ಹೋಗಲು ಬ್ಲಾಕರ್ ಒಂದೇ ಕಾರಣ ಅಲ್ಲ. ಕೂಪನ್ ಹುಡುಕಿಕೊಡುವ ಹನಿ ಎಂಬ ಎಕ್ಸ್‌ಟೆನ್ಶನ್ ಅನ್ನು ಪೇಪಾಲ್ ಸುಮಾರು 400 ಕೋಟಿ ಡಾಲರ್‌ಗೆ ಕೊಂಡಿತ್ತು. ಹಣ ಕಟ್ಟುವ ಕೊನೆ ಕ್ಷಣದಲ್ಲಿ ಅದು ಯೂಟ್ಯೂಬರ್‌ಗಳ ಅಫಿಲಿಯೇಟ್ ಗುರುತನ್ನು ಅಳಿಸಿ ತನ್ನದನ್ನು ಅಂಟಿಸುತ್ತದೆ ಎಂಬ ಆರೋಪ 2024ರ ಡಿಸೆಂಬರ್‌ನಲ್ಲಿ ಬಂತು, ಮೊಕದ್ದಮೆಗಳೂ ಹೂಡಲ್ಪಟ್ಟವು. 'ಕೊನೆಯ ಕ್ಲಿಕ್‌ಗೇ ಕಮಿಷನ್' ಎಂಬ ಉದ್ಯಮದ ನಿಯಮದಂತೆಯೇ ನಡೆದಿದ್ದೇವೆ ಎಂದು ಕಂಪನಿ ಹೇಳಿತು. ಬಳಕೆದಾರರಿಗೆ ಪ್ರಯೋಜನವಿಲ್ಲದೆ ಅಫಿಲಿಯೇಟ್ ಗುರುತು ತುರುಕುವ ಎಕ್ಸ್‌ಟೆನ್ಶನ್‌ಗಳನ್ನು ಗೂಗಲ್ 2025ರ ಮಾರ್ಚ್‌ನಲ್ಲಿ ನಿಷೇಧಿಸಿತು. ಖಾಸಗಿತನದ ಹೆಸರಲ್ಲಿ ಬಂದ ಬ್ರೇವ್ ಕೂಡ 2020ರಲ್ಲಿ, ಬಳಕೆದಾರರು ಕೆಲವು ಕ್ರಿಪ್ಟೋ ತಾಣಗಳ ವಿಳಾಸ ಟೈಪ್ ಮಾಡಿದಾಗ ತನ್ನ ಅಫಿಲಿಯೇಟ್ ಕೋಡ್ ಸೇರಿಸುತ್ತಿದ್ದುದು ಬಯಲಾಗಿ ಕ್ಷಮೆ ಕೇಳಬೇಕಾಯಿತು. ಕೇಳಿದವರು ಅದರ ಸ್ಥಾಪಕ, ಜಾವಾಸ್ಕ್ರಿಪ್ಟ್ ಬರೆದ ಅದೇ ಬ್ರೆಂಡನ್ ಐಕ್!

ಹಾಗಾದ್ರೆ ತಪ್ಪು ಯಾರದು?

ಬ್ಲಾಕರ್ ಹಾಕಿಕೊಂಡ ಓದುಗರದ್ದಂತೂ ಅಲ್ಲ. ಕಮಿಷನ್ ಎಣಿಸುವ ಸ್ಕ್ರಿಪ್ಟ್ ಜೊತೆಗೇ ನೀವು ಏನು ಓದುತ್ತೀರಿ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ಅಳೆಯುವ ಸ್ಕ್ರಿಪ್ಟ್‌ಗಳೂ ಬರುತ್ತವೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲೇ. ಆ ಹಕ್ಕನ್ನು ಬಳಸಿದವರಿಗೆ 'ನಮ್ಮ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ' ಎಂದು ಬೇಡಿಕೊಳ್ಳುವುದು ಅಡ್ರೆಸ್ ತಪ್ಪಿದ ಮನವಿ.

ಕೇಳಬೇಕಾದದ್ದು ಅಂಗಡಿಯನ್ನು ಮತ್ತು ಜಾಲವನ್ನು. ಬ್ರೌಸರ್ ನಂಬದೆ ಎಣಿಸುವ ವಿಧಾನ ಈಗಾಗಲೇ ಇದೆ: ಕ್ಲಿಕ್ ಆದಾಗ ಒಂದು ಸಂಖ್ಯೆ ಅಂಗಡಿಗೆ ಹೋಗುತ್ತದೆ, ಅಂಗಡಿ ಅದನ್ನು ಆರ್ಡರ್ ಜೊತೆ ಬರೆದಿಟ್ಟು, ಮಾರಾಟವಾದಾಗ ತನ್ನ ಸರ್ವರ್‌ನಿಂದ ಜಾಲದ ಸರ್ವರ್‌ಗೆ ನೇರ ತಿಳಿಸುತ್ತದೆ. 'ಧನ್ಯವಾದ' ಪುಟದ ಸ್ಕ್ರಿಪ್ಟ್ ಬೇಕೇ ಇಲ್ಲ. ಇದನ್ನು ಅಳವಡಿಸಲು ಅಂಗಡಿಗೆ ಖರ್ಚು, ಅಳವಡಿಸದಿದ್ದರೆ ನಷ್ಟ ನಿಮ್ಮದು. ಅವಸರ ಯಾರಿಗಿರುತ್ತೆ ಹೇಳಿ? ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಾಗ ನಮ್ಮ ಚರ್ಚೆಯೆಲ್ಲ ಡೆಲಿವರಿ ಮತ್ತು ಕ್ಯಾಬ್ ಸುತ್ತಲೇ ನಡೆಯಿತು. ಲಿಂಕ್ ಹಾಕಿ ದುಡಿಯುವವರು ಕಂಪನಿ ತೋರಿಸಿದ ಲೆಕ್ಕವನ್ನೇ ನಂಬಬೇಕು; ಪರಿಶೀಲಿಸಲು ಅವರ ಬಳಿ ಬೇರೆ ಪುಸ್ತಕವಿಲ್ಲ.

ಅಲ್ಲಿಯವರೆಗೆ ಮಾಡಬಹುದಾದದ್ದು ಸ್ವಲ್ಪ ಇದೆ. ನಿಮ್ಮ ಲಿಂಕನ್ನು ಯುಬ್ಲಾಕ್ ಹಾಕಿದ ಫೈರ್‌ಫಾಕ್ಸ್‌ನಲ್ಲಿ ಮತ್ತು ಬ್ರೇವ್‌ನಲ್ಲಿ ಒಮ್ಮೆ ಒತ್ತಿ, ಅಂಗಡಿ ಪುಟ ತೆರೆದಾಗ ವಿಳಾಸದಲ್ಲಿ ನಿಮ್ಮ ಗುರುತೋ ಕ್ಲಿಕ್ ಸಂಖ್ಯೆಯೋ ಉಳಿದಿದೆಯೇ ನೋಡಿ (ಕೊಳ್ಳಲು ಹೋಗಬೇಡಿ, ಸ್ವಂತ ಲಿಂಕ್‌ನಿಂದ ಕೊಂಡರೆ ಅಮೆಜಾನ್ ಕಮಿಷನ್ ಕೊಡಲ್ಲ). ಸ್ಕ್ರಿಪ್ಟ್ ನೆಚ್ಚುವ ಬದಲು ಟ್ಯಾಗ್ ಇರುವ ನೇರ ಲಿಂಕ್ ಹಾಕಿ. ಅದು ಅಫಿಲಿಯೇಟ್ ಲಿಂಕ್ ಎಂದು ಪಕ್ಕದಲ್ಲೇ ಕನ್ನಡದಲ್ಲಿ ಬರೆಯಿರಿ. ಇಂಥ ವ್ಯಾವಹಾರಿಕ ಸಂಬಂಧವನ್ನು ಬಹಿರಂಗಪಡಿಸಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹೊಸ ಜಾಲಕ್ಕೆ ಸೇರುವ ಮುನ್ನ ಒಂದು ಇಮೇಲ್ ಬರೆದು ಕೇಳಿ: ನಿಮ್ಮ ಎಣಿಕೆ ಸರ್ವರ್‌ನಿಂದ ಸರ್ವರ್‌ಗೋ, ಗಿರಾಕಿಯ ಬ್ರೌಸರ್‌ನಲ್ಲೋ?