ಮಂಪರಿನಲ್ಲಿ ಕೇಳಿದ ಮಾತು

ವಿದ್ಯಾರ್ಥಿ ಮಿತ್ರರೇ, ನಮ್ಮ ಸ್ಟುಡಿಯೋಗೆ ಬರುವ ಹೊಸಬರಿಗೆ ಒಂದು ಎಚ್ಚರಿಕೆ ಹೇಳುತ್ತೇವೆ: ಕ್ಯಾಮೆರಾ ನಿಂತಿತೆಂದು ಬಾಯಿಗೆ ಬಂದದ್ದನ್ನು ಆಡಬೇಡಿ, ಮೈಕು ಇನ್ನೂ ತೆರೆದಿರಬಹುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೂ ಈ ಎಚ್ಚರ ಬೇಕೇ? ಅರಿವಳಿಕೆಯಲ್ಲಿ ಮಲಗಿದ ರೋಗಿಗೆ ಸುತ್ತಲಿನ ಮಾತುಗಳು ನೆನಪಿನಲ್ಲಿ ಉಳಿಯುತ್ತವೆಯೇ?

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಬಳಕೆಯನ್ನು ಸಾರ್ವಜನಿಕವಾಗಿ ತೋರಿಸಿದರು. ಆ ಕಾಲದಲ್ಲಿ ಮಂಪರು ಸಾಲದಿದ್ದರೆ ರೋಗಿ ಮಿಸುಕಾಡುತ್ತಿದ್ದ. ವೈದ್ಯರಿಗೆ ಅದೇ ಸೂಚನೆ. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಈನಿಡ್ ಜಾನ್ಸನ್ ಸ್ನಾಯುಗಳನ್ನು ಸಡಿಲಿಸುವ ಕ್ಯೂರಾರೆಯನ್ನು ಅರಿವಳಿಕೆಯೊಡನೆ ಬಳಸಿದರು. ಶಸ್ತ್ರವೈದ್ಯರ ಕೆಲಸ ಸುಗಮವಾಯಿತು. ಆದರೆ ಸ್ನಾಯುಗಳು ಪೂರ್ತಿ ಸಡಿಲಗೊಂಡ ರೋಗಿ ಎಚ್ಚರವಾಗಿದ್ದರೂ ಬೆರಳನ್ನು ಸಹ ಅಲುಗಿಸಲಾರ. ಹಳೆಯ ಸೂಚನೆ ಕೈಬಿಟ್ಟಿತು.

1965ರಲ್ಲಿ ಬರ್ನಾರ್ಡ್ ಲೆವಿನ್ಸನ್ ಒಂದು ವಿಚಿತ್ರ ಪ್ರಯೋಗವನ್ನು ಪ್ರಕಟಿಸಿದರು. ದಕ್ಷಿಣ ಆಫ್ರಿಕಾದಲ್ಲಿ 10 ಮಂದಿ ರೋಗಿಗಳು ಗಾಢ ಮಂಪರಿನಲ್ಲಿದ್ದಾಗ, ತುಟಿ ನೀಲಿಗಟ್ಟಿದೆ, ಕೆಲಸ ನಿಲ್ಲಿಸಿ ಎಂದು ಅರಿವಳಿಕೆ ತಜ್ಞರಿಂದ ಸುಳ್ಳು ಗಾಬರಿ ಹುಟ್ಟಿಸಲಾಯಿತು. ತಿಂಗಳ ನಂತರ ಸಂಮೋಹನಕ್ಕೆ ಒಳಪಡಿಸಿದಾಗ 4 ಮಂದಿ ಆ ಮಾತುಗಳನ್ನು ಬಹುಪಾಲು ಹಾಗೆಯೇ ಹೇಳಿದರು. ಇನ್ನೂ 4 ಮಂದಿ ತೀವ್ರವಾಗಿ ಕಳವಳಗೊಂಡರು. ಆದರೆ ನೀವು ಇದನ್ನು ಪರೀಕ್ಷಿಸಿ ನೋಡಬೇಕು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಸಂಮೋಹನದಲ್ಲಿ ಇಲ್ಲದ ನೆನಪೂ ಹುಟ್ಟಬಹುದು.

1994ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ ಹೆಚ್ಚು ಎಚ್ಚರಿಕೆಯದು. ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ಕೆಲವು ರೋಗಿಗಳಿಗೆ ರಾಬಿನ್ಸನ್ ಕ್ರೂಸೋ ಕಥೆಯ ಧ್ವನಿಸುರುಳಿ ಕೇಳಿಸಿದರು, ಉಳಿದವರಿಗೆ ಕೇಳಿಸಲಿಲ್ಲ. ಕಥೆಯಲ್ಲಿ ಕ್ರೂಸೋನ ಸೇವಕನ ಹೆಸರು 'ಶುಕ್ರವಾರ'. ಆ ಪದ ಕೇಳಿದರೆ ಏನು ಹೊಳೆಯುತ್ತದೆ ಎಂದು ಆಮೇಲೆ ಪ್ರಶ್ನಿಸಿದಾಗ, ಸುರುಳಿ ಕೇಳಿದ್ದವರಲ್ಲಿ ಕೆಲವರು ಕ್ರೂಸೋನನ್ನು ಹೆಸರಿಸಿದರು. ಕಥೆ ಕೇಳಿದ್ದು ಮಾತ್ರ ಅವರಿಗೆ ತಿಳಿದೇ ಇರಲಿಲ್ಲ!

ಅಂದರೆ ನೆನಪಿನಲ್ಲಿ ಎರಡು ಬಗೆ. ತಿಳಿದು ನೆನೆಯುವುದು ಒಂದು, ತಿಳಿಯದೆಯೇ ಉಳಿಯುವುದು ಇನ್ನೊಂದು. ಮೊದಲನೆಯದು ಬಹಳ ಅಪರೂಪ: 2000ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 11,785 ರೋಗಿಗಳ ಪೈಕಿ ಎಚ್ಚರವಿದ್ದ ನೆನಪು ಕಂಡುಬಂದದ್ದು 18 ಮಂದಿಯಲ್ಲಿ.

ಆದ್ದರಿಂದ ಹೆದರಬೇಕಿಲ್ಲ. ಆದರೆ ನಿಮ್ಮ ಮನೆಯವರು ಯಾರಾದರೂ ಶಸ್ತ್ರಚಿಕಿತ್ಸೆಯ ನಂತರ, "ಒಳಗೆ ಆಡಿದ ಮಾತು ನನಗೆ ಕೇಳಿಸಿತು" ಎಂದರೆ ನಕ್ಕು ತಳ್ಳಿಹಾಕಬೇಡಿ. ವೈದ್ಯರ ಗಮನಕ್ಕೆ ತನ್ನಿ. ನಾಳೆ ನೀವೇ ವೈದ್ಯರೋ ದಾದಿಯರೋ ಆದರೆ, ಮಲಗಿರುವ ರೋಗಿಯ ಮುಂದೆ ಆಡುವ ಮಾತು ಅವರಿಗೆ ಕೇಳಿಸುತ್ತಿದೆ ಎಂದೇ ತಿಳಿದು ಆಡಿ.