ಹೊಸ ಕಾರಿನ ಬೆಲೆಯಲ್ಲಿ ಮಾರಾಟ ತೆರಿಗೆ: ಬ್ರಹ್ಮಾವರ ಮತ್ತು ಕರಾವಳಿಯ ಇತಿಹಾಸ

ಹೊಸ ಕಾರಿಗೆ ಕೊಡುವ ಒಟ್ಟು ಹಣದಲ್ಲಿ ತಯಾರಕರ ಮತ್ತು ಮಾರಾಟಗಾರರ ಪಾಲು ಹೋಗಿ ಉಳಿಯುವ ದೊಡ್ಡ ಮೊತ್ತ ತೆರಿಗೆಯದು. ಬ್ರಹ್ಮಾವರದವರು ಉಡುಪಿಯ ಯಾವುದೇ ಶೋರೂಮಿನಲ್ಲಿ ಕೊಟೇಶನ್ ಕೇಳಿದರೂ ಎರಡು ಬೆಲೆ ಕಾಣುತ್ತದೆ. ಒಂದು ಎಕ್ಸ್-ಶೋರೂಮ್, ಇನ್ನೊಂದು ಆನ್-ರೋಡ್. ಹಿಂದಿನ ಮಾರಾಟ ತೆರಿಗೆಯ ಜಾಗಕ್ಕೆ ಬಂದಿರುವ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಮೊದಲನೆಯ ಬೆಲೆಯೊಳಗೇ ಸೇರಿಹೋಗಿರುತ್ತದೆ. ಎರಡನೆಯದಕ್ಕೆ ರಾಜ್ಯದ ಜೀವಾವಧಿ ತೆರಿಗೆ, ವಿಮೆ, ನೋಂದಣಿ ಶುಲ್ಕ ಕೂಡಿಕೊಳ್ಳುತ್ತವೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯನ್ನು ಲೆಕ್ಕ ಹಾಕುವುದು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ. ಹೀಗಾಗಿ ಮಾರಾಟ ತೆರಿಗೆ ಏರಲಿ ಇಳಿಯಲಿ, ಅದರ ಪರಿಣಾಮ ಆ ಒಂದು ಸಾಲಿಗೇ ನಿಲ್ಲದೆ ಕೆಳಗಿನ ಸಾಲುಗಳಿಗೂ ಹರಿಯುತ್ತದೆ. ಕರಾವಳಿಯಲ್ಲಿ ಈ ತೆರಿಗೆಯ ಚರಿತ್ರೆ ಮೈಸೂರಿನಿಂದ ಅಲ್ಲ, ಮದ್ರಾಸಿನಿಂದ ಶುರುವಾಗುತ್ತದೆ.

ಮದ್ರಾಸಿನ ಕಾಲ

ಬ್ರಹ್ಮಾವರ 1956ರವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಉಡುಪಿ ತಾಲೂಕಿನೊಳಗಿತ್ತು. ವಾಹನಗಳ ಮೇಲೆ ಇಲ್ಲಿ ಮೊದಲು ಬಂದದ್ದು 1931ರ ಮದ್ರಾಸ್ ಮೋಟಾರು ವಾಹನ ತೆರಿಗೆ ಕಾಯಿದೆ. ಅದು ಕೊಂಡದ್ದರ ಮೇಲಿನ ತೆರಿಗೆಯಲ್ಲ, ರಸ್ತೆಯಲ್ಲಿ ಓಡಿಸಿದ್ದಕ್ಕೆ ಕಟ್ಟಬೇಕಾದದ್ದು. ಈ ಕಾಯಿದೆಯೊಂದಿಗೆ ಸ್ಥಳೀಯ ಸಂಸ್ಥೆಗಳು ದಾರಿಯಲ್ಲಿ ವಸೂಲು ಮಾಡುತ್ತಿದ್ದ ಟೋಲ್ ನಿಂತಿತು. ಇಂದು ಅದೇ ದಾರಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಸಾಸ್ತಾನದಲ್ಲಿ, ಟೋಲ್ ಮತ್ತೆ ಇದೆ.

ಕೊಳ್ಳುವುದರ ಮೇಲಿನ ತೆರಿಗೆಗೆ ಬಾಗಿಲು ತೆರೆದದ್ದು 1935ರ ಭಾರತ ಸರಕಾರ ಕಾಯಿದೆ. ಸರಕು ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಅದು ಪ್ರಾಂತ್ಯಗಳಿಗೆ ಕೊಟ್ಟಿತು. ಮೊದಲು ಅದನ್ನು ಬಳಸಿದ್ದು 1938ರಲ್ಲಿ ಮಧ್ಯಪ್ರಾಂತ್ಯ ಮತ್ತು ಬೇರಾರ್, ಅದೂ ಮೋಟಾರು ಇಂಧನ ಮತ್ತು ಎಣ್ಣೆಯ ಮೇಲೆ. ಎಲ್ಲ ಬಗೆಯ ಸರಕಿಗೂ ಅನ್ವಯಿಸುವ ಸಾಮಾನ್ಯ ಮಾರಾಟ ತೆರಿಗೆಯನ್ನು ದೇಶದಲ್ಲೇ ಮೊದಲು ತಂದದ್ದು ಮದ್ರಾಸ್, 1939ರಲ್ಲಿ. ಸಿ. ರಾಜಗೋಪಾಲಾಚಾರಿಯವರ ಸರಕಾರ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿರೋಧ ಶುರುಮಾಡಿತ್ತು. ಅಬಕಾರಿಯಿಂದ ಬರುತ್ತಿದ್ದ ಹಣ ಖೋತಾ ಆಗತೊಡಗಿದಾಗ ಆ ಹೊಂಡ ತುಂಬಿಸಲು ಹುಡುಕಿದ ದಾರಿ ಇದು. ಹೆಂಡ ಬಿಡಿಸಲು ಹೊರಟ ಸರಕಾರದ ಲೆಕ್ಕದ ಪುಸ್ತಕದಿಂದಲೇ ಕಾರಿನ ಬಿಲ್ಲಿನ ಈ ಸಾಲು ಹುಟ್ಟಿತು. ಕುಂದಾಪುರ, ಬ್ರಹ್ಮಾವರ, ಬಾರ್ಕೂರಿನ ಅಂಗಡಿಯವರು ದೇಶದ ಬಹುಪಾಲು ವ್ಯಾಪಾರಿಗಳಿಗಿಂತ ಮುಂಚೆಯೇ ಸೇಲ್ಸ್ ಟ್ಯಾಕ್ಸಿನ ಲೆಕ್ಕ ಇಡಬೇಕಾಯಿತು. ಘಟ್ಟದ ಮೇಲಿನ ಮೈಸೂರು ಸಂಸ್ಥಾನದಲ್ಲಿ ಮಾರಾಟ ತೆರಿಗೆ ಕಾಯಿದೆ ಬಂದದ್ದು 1948ರಲ್ಲಿ. ನಡುವಿನ ವರ್ಷಗಳಲ್ಲಿ ಆಗುಂಬೆ, ಹೊಸಂಗಡಿಯ ಘಟ್ಟಗಳು ರಾಜ್ಯದ ಗಡಿಯಾಗಿದ್ದಂತೆ ತೆರಿಗೆಯ ಗಡಿಯೂ ಆಗಿದ್ದವು.

ಕರಾವಳಿಯಲ್ಲಿ ಆಗ ಮೋಟಾರೆಂದರೆ ಹೆಚ್ಚಾಗಿ ಸಿ.ಪಿ.ಸಿ.ಯಂಥ ಖಾಸಗಿ ಕಂಪೆನಿಗಳ ಬಸ್ಸು. ಸ್ವಂತ ಕಾರು ಕೆಲವೇ ಮನೆಗಳಲ್ಲಿತ್ತು. ಆದರೆ ಕಾರಿನ ತೆರಿಗೆ ಯಾರಿಗೆ ಸೇರಬೇಕೆಂಬ ಜಗಳ ಆಗಲೇ ದೊಡ್ಡದಾಗಿತ್ತು. ಒಂದು ರಾಜ್ಯದ ಡೀಲರು ಇನ್ನೊಂದು ರಾಜ್ಯದವರಿಗೆ ಕಾರು ಕೊಟ್ಟರೆ ತೆರಿಗೆ ಎಲ್ಲಿಗೆ? ಬೊಂಬಾಯಿಯಲ್ಲಿ ಕಾರು ವ್ಯಾಪಾರ ಮಾಡುತ್ತಿದ್ದ ಕಂಪೆನಿಗಳು ಹೂಡಿದ ಯುನೈಟೆಡ್ ಮೋಟಾರ್ಸ್ ಮೊಕದ್ದಮೆಯಲ್ಲಿ 1953ರಲ್ಲಿ ಸುಪ್ರೀಂ ಕೋರ್ಟ್, ಸರಕು ತಲುಪಿ ಬಳಕೆಯಾಗುವ ರಾಜ್ಯಕ್ಕೆ ತೆರಿಗೆ ಹಾಕುವ ಹಕ್ಕಿದೆ ಎಂದಿತು. ಎರಡೇ ವರ್ಷದಲ್ಲಿ, 1955ರ ಬೆಂಗಾಲ್ ಇಮ್ಯೂನಿಟಿ ತೀರ್ಪಿನಲ್ಲಿ, ಅದೇ ನ್ಯಾಯಾಲಯ ಆ ನಿಲುವನ್ನು ಬದಲಿಸಿತು. ಈ ಗೊಂದಲದಿಂದಲೇ 1956ರ ಸಂವಿಧಾನದ ಆರನೇ ತಿದ್ದುಪಡಿ ಮತ್ತು ಕೇಂದ್ರ ಮಾರಾಟ ತೆರಿಗೆ ಕಾಯಿದೆ ಹುಟ್ಟಿದವು.

ಒಂದು ರಾಜ್ಯ, ಎರಡು ತೆರಿಗೆ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳದ ಪಾಲಾಯಿತು. ಮದ್ರಾಸಿನ ತೆರಿಗೆ ಕಾಯಿದೆ ಇಲ್ಲಿ ಇನ್ನೂ ಹನ್ನೊಂದು ತಿಂಗಳು ನಡೆಯಿತು. 1957ರ ಅಕ್ಟೋಬರ್ 1ರಿಂದ ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾಯಿದೆ ಬಂತು. ವಾಹನ ತೆರಿಗೆಗೂ ಅದೇ ವರ್ಷ ಹೊಸ ಕಾಯಿದೆಯಾಯಿತು. ಇವೆರಡೂ ಬೇರೆಬೇರೆ ಅಧಿಕಾರದ ಮೇಲೆ ನಿಂತಿವೆ ಎಂಬುದನ್ನು ಗಮನಿಸದಿದ್ದರೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಸಂವಿಧಾನದ ರಾಜ್ಯಪಟ್ಟಿಯ 54ನೇ ನಮೂದು ಮಾರಾಟದ ಮೇಲಿನ ತೆರಿಗೆಯದು, 57ನೇ ನಮೂದು ರಸ್ತೆಯಲ್ಲಿ ಓಡುವ ವಾಹನದ ಮೇಲಿನದು. ಕೊಳ್ಳುವವರ ಕೈಯಿಂದ ಒಂದೇ ದಿನ ಹೋಗುವ ಹಣವಾದರೂ ಮೊದಲನೆಯದು ವಾಣಿಜ್ಯ ತೆರಿಗೆ ಇಲಾಖೆಗೆ, ಎರಡನೆಯದು ಸಾರಿಗೆ ಇಲಾಖೆಗೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬೆಲೆಗಿಂತ ದೊಡ್ಡ ತೊಂದರೆ ಕಾರು ಸಿಗುವುದೇ ಆಗಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದವರು ಕಾರಿನ ಬಗ್ಗೆ ಯೋಚಿಸತೊಡಗಿದರು. ಕಂತಿನ ಸಾಲವೂ ಜತೆಗೇ ಬೆಳೆಯಿತು. ಹೈರ್ ಪರ್ಚೇಸ್‌ನಲ್ಲಿ ಕೊಂಡ ವಾಹನಕ್ಕೆ ಮಾರಾಟ ತೆರಿಗೆ ಯಾವಾಗ, ಎಷ್ಟರ ಮೇಲೆ ಎಂಬ ಪ್ರಶ್ನೆ ಕೆ.ಎಲ್. ಜೋಹರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೊನೆಗೆ ಸಂವಿಧಾನದ 46ನೇ ತಿದ್ದುಪಡಿ, ಕಂತಿನ ಮಾರಾಟಕ್ಕೂ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು.

ಈ ಅವಧಿಯಲ್ಲಿ ರಾಜ್ಯಗಳು ಒಂದಕ್ಕೊಂದು ಪೈಪೋಟಿಗೆ ಬಿದ್ದು ದರ ಇಳಿಸುತ್ತಿದ್ದವು. ಪುದುಚೇರಿಯಲ್ಲಿ ತೆರಿಗೆ ಕಡಿಮೆ ಎಂದು ಅಲ್ಲಿ ನೋಂದಾಯಿಸಿದ ದುಬಾರಿ ಕಾರುಗಳು ಕರ್ನಾಟಕದ ರಸ್ತೆಗಳಲ್ಲಿ ಓಡಿದವು. ಈ ಪೈಪೋಟಿಗೆ ತಡೆ ಹಾಕಲು ರಾಜ್ಯಗಳು ತಮ್ಮೊಳಗೆ ಒಪ್ಪಿಕೊಂಡು 2000ದ ಜನವರಿ 1ರಿಂದ ಏಕರೂಪದ ಕನಿಷ್ಠ ದರಗಳನ್ನು ತಂದವು.

2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ, ವ್ಯಾಟ್, ಜಾರಿಗೆ ಬಂತು. ಕಾರಿಗೆ ಆರಂಭದ ದರ ಶೇ. 12.5, ಹಂತಹಂತವಾಗಿ ಅದು ಶೇ. 14.5ಕ್ಕೆ ಏರಿತು. ಈ ತೆರಿಗೆ ಬೀಳುತ್ತಿದ್ದದ್ದು ಕೇಂದ್ರದ ಅಬಕಾರಿ ಸುಂಕ ಸೇರಿದ ಬೆಲೆಯ ಮೇಲೆ. ಅಬಕಾರಿ ಸುಂಕ ಕಾರಿನ ಅಳತೆಯನ್ನೇ ನಿರ್ಧರಿಸಿತು ಎಂಬುದು ಇಲ್ಲಿ ಹೇಳಲೇಬೇಕಾದ ಮಾತು. 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದಾಗ ಸಣ್ಣದು ಎಂದರೆ 4 ಮೀಟರ್ ಮೀರದ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಎಂಜಿನ್ ಎಂದು ಗೆರೆ ಎಳೆಯಲಾಯಿತು. ಡಿಕ್ಕಿಯನ್ನು ಕತ್ತರಿಸಿದಂತೆ ಕಾಣುವ ಸೆಡಾನುಗಳು, 3,995 ಮಿಲಿಮೀಟರಿಗೆ ನಿಲ್ಲುವ ಪುಟ್ಟ ಎಸ್‌ಯುವಿಗಳು ಆ ಗೆರೆಯ ಮಕ್ಕಳು. ಬ್ರಹ್ಮಾವರದ ಓಣಿಗಳಿಗೆ ಅವು ಚೆನ್ನಾಗಿ ಹೊಂದಿಕೊಂಡವು, ಆದರೆ ಅಳತೆ ಬಂದದ್ದು ಓಣಿಯಿಂದಲ್ಲ.

ಜಿಎಸ್‌ಟಿ ಮತ್ತು ಅದು ಮುಟ್ಟದ ತೆರಿಗೆ

2017ರ ಜುಲೈ 1ರಂದು ಅಬಕಾರಿ ಸುಂಕ, ವ್ಯಾಟ್, ಕೇಂದ್ರ ಮಾರಾಟ ತೆರಿಗೆ, ಪ್ರವೇಶ ತೆರಿಗೆ ಎಲ್ಲ ಹೋಗಿ ಜಿಎಸ್‌ಟಿ ಬಂತು. ಕಾರಿಗೆ ಶೇ. 28, ಅದರ ಮೇಲೆ ಪರಿಹಾರ ಸೆಸ್: ಸಣ್ಣ ಪೆಟ್ರೋಲ್ ಕಾರಿಗೆ ಶೇ. 1, ಸಣ್ಣ ಡೀಸೆಲಿಗೆ 3, ಮುಂದೆ ದೊಡ್ಡ ಎಸ್‌ಯುವಿಗೆ 22ರವರೆಗೆ. ಜಿಎಸ್‌ಟಿ ತಂದ 101ನೇ ತಿದ್ದುಪಡಿ 54ನೇ ನಮೂದನ್ನು ಮೊಟಕುಗೊಳಿಸಿತು, ಜೀವಾವಧಿ ತೆರಿಗೆ ನಿಂತಿರುವ 57ನ್ನು ಮುಟ್ಟಲಿಲ್ಲ. ಒಂದು ದೇಶ ಒಂದು ತೆರಿಗೆ ಎಂದು ಕೇಳಿಸಿಕೊಂಡವರು ಶೋರೂಮಿನಲ್ಲಿ ಜೀವಾವಧಿ ತೆರಿಗೆಯ ಮೊತ್ತ ನೋಡಿ ಬೆರಗಾಗುವುದಕ್ಕೆ ಕಾರಣ ಇದೇ.

2025ರಲ್ಲಿ ಕರ್ನಾಟಕದ ಜೀವಾವಧಿ ತೆರಿಗೆ ಹೀಗಿತ್ತು: ಬೆಲೆ 5 ಲಕ್ಷದವರೆಗೆ ಶೇ. 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18. ಈ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಹಾಗಾಗಿ ಶೇ. 14 ಎಂದರೆ ನಿಜದಲ್ಲಿ 15.54, ಶೇ. 17 ಎಂದರೆ 18.87. ದೇಶದಲ್ಲೇ ಹೆಚ್ಚಿನ ದರಗಳ ಸಾಲಿನಲ್ಲಿ ಇವು ಬರುತ್ತವೆ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತು. ಸಣ್ಣ ಕಾರಿಗೆ ಶೇ. 18, ಉಳಿದವಕ್ಕೆ 40; ಕಾರಿನ ಮೇಲಿನ ಸೆಸ್ ರದ್ದು. ಇದರ ಪರಿಣಾಮ ಲೆಕ್ಕದಲ್ಲಿ ನೋಡೋಣ. ತೆರಿಗೆಗೆ ಮೊದಲಿನ ಬೆಲೆ 6 ಲಕ್ಷ ರೂಪಾಯಿ ಇರುವ ಸಣ್ಣ ಪೆಟ್ರೋಲ್ ಕಾರು ಹಿಂದೆ ಶೇ. 29ರ ತೆರಿಗೆಯಲ್ಲಿ 7,74,000 ಆಗುತ್ತಿತ್ತು, ಜೀವಾವಧಿ ತೆರಿಗೆ ಸೆಸ್ ಸೇರಿ 1,20,280. ಹೊಸ ದರದಲ್ಲಿ ಬೆಲೆ 7,08,000, ಜೀವಾವಧಿ ತೆರಿಗೆ 1,10,023. ಜಿಎಸ್‌ಟಿಯಲ್ಲಿ ಉಳಿದದ್ದು 66,000. ಅದರ ಬೆನ್ನಿಗೆ ಇನ್ನೂ 10,257 ರೂಪಾಯಿ ತಾನಾಗಿ ಉಳಿಯಿತು. ಜೀವಾವಧಿ ತೆರಿಗೆಯನ್ನು ಜಿಎಸ್‌ಟಿ ಬಿಟ್ಟ ಬೆಲೆಗೆ ಮಾತ್ರ ಹಾಕಿದ್ದರೆ ಅದು 93,240 ಆಗುತ್ತಿತ್ತು. ಅಂದರೆ ಇಳಿದ ದರದಲ್ಲೂ ಸುಮಾರು 16,800 ರೂಪಾಯಿ ತೆರಿಗೆಗೇ ಕಟ್ಟುವ ತೆರಿಗೆ.

10 ಲಕ್ಷದ ಗಡಿಯಲ್ಲಿ ಇದು ಇನ್ನೂ ತೀವ್ರ. ಜೀವಾವಧಿ ತೆರಿಗೆಯ ಹೆಚ್ಚಿನ ದರ ಗಡಿ ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಇಡೀ ಬೆಲೆಗೆ ಬೀಳುತ್ತದೆ. ಬೆಲೆ ಸರಿಯಾಗಿ 10 ಲಕ್ಷವಾದರೆ 1,55,400. ಒಂದೇ ರೂಪಾಯಿ ಹೆಚ್ಚಾದರೆ 1,88,700. ತೆರಿಗೆಗೆ ಮುಂಚೆ 8,40,000 ಬೆಲೆಯ ಸಣ್ಣ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳಿ. ಹಳೆಯ ದರದಲ್ಲಿ ಅದು 10,83,600 ಆಗಿ ಶೇ. 17ರ ವರ್ಗಕ್ಕೆ ಹತ್ತುತ್ತಿತ್ತು, ಜೀವಾವಧಿ ತೆರಿಗೆ 2,04,475. ಹೊಸ ದರದಲ್ಲಿ 9,91,200ಕ್ಕೆ ಇಳಿದು ಶೇ. 14ರ ವರ್ಗಕ್ಕೆ ಬರುತ್ತದೆ, ತೆರಿಗೆ 1,54,032. ಜಿಎಸ್‌ಟಿಯಲ್ಲಿ 92,400, ಜೀವಾವಧಿ ತೆರಿಗೆಯಲ್ಲಿ 50,443, ಒಟ್ಟು 1,42,843 ರೂಪಾಯಿ ಕಡಿಮೆ. ಜಾಹೀರಾತುಗಳು ಎತ್ತಿ ತೋರಿಸಿದ್ದು ಎಕ್ಸ್-ಶೋರೂಮ್ ಬೆಲೆಯ ಇಳಿಕೆಯನ್ನು; ಎರಡನೆಯ ಉಳಿತಾಯ ಕೊಟೇಶನ್ನನ್ನು ಸಾಲುಸಾಲಾಗಿ ಓದಿದವರಿಗೆ ಮಾತ್ರ ಕಂಡಿತು. ಆನ್-ರೋಡ್ ಬೆಲೆಗೇ ಸಾಲ ಮಾಡುವವರು ತೆರಿಗೆಯ ಹಣಕ್ಕೂ ಐದೋ ಏಳೋ ವರ್ಷ ಬಡ್ಡಿ ಕಟ್ಟುತ್ತಾರೆ. ಪ್ರತಿ ತೆರಿಗೆಯ ಮೊತ್ತವನ್ನೂ ಬಿಡಿಸಿ ಬರೆದ ಕೊಟೇಶನ್ ಕೊಳ್ಳುವವರ ಕೈಗೆ ಸಿಗಲೇಬೇಕು, ಅದು ಉಪಕಾರವಲ್ಲ, ಅವರ ಹಕ್ಕು.

ವಿಮೆಯ ಕಂತಿಗೂ ಶೇ. 18 ಜಿಎಸ್‌ಟಿ ಇದೆ. ಬೆಲೆ 10 ಲಕ್ಷ ದಾಟಿದರೆ ಡೀಲರು ಶೇ. 1 ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ಆದಾಯ ತೆರಿಗೆ, ವಸೂಲು ಮಾಡುತ್ತಾರೆ. 2016ರಲ್ಲಿ ಬಂದ ಇದು ತೆರಿಗೆಯ ಮುಂಗಡ ಮಾತ್ರ, ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿದರೆ ಹೊಂದಾಣಿಕೆಯಾಗುತ್ತದೆ. ಅಂಗಡಿಯ ಹೆಸರಿನಲ್ಲಿ ಕಾರು ಕೊಂಡರೆ ಜಿಎಸ್‌ಟಿ ವಾಪಸು ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಹದಿಮೂರು ಸೀಟಿನವರೆಗಿನ ವಾಹನಕ್ಕೆ ಜಿಎಸ್‌ಟಿ ಕಾಯಿದೆಯ 17(5)ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಪ್ರಯಾಣಿಕರನ್ನು ಸಾಗಿಸುವ ವ್ಯವಹಾರ, ಡ್ರೈವಿಂಗ್ ಸ್ಕೂಲ್, ಕಾರನ್ನೇ ಮಾರುವವರು ಇದಕ್ಕೆ ಹೊರತು.

ವಿದ್ಯುತ್ ಕಾರಿನ ಲೆಕ್ಕವೇ ಬೇರೆ. 2019ರ ಆಗಸ್ಟ್ 1ರಿಂದ ಅದಕ್ಕೆ ಜಿಎಸ್‌ಟಿ ಶೇ. 5. ಕರ್ನಾಟಕ ಜೀವಾವಧಿ ತೆರಿಗೆಯನ್ನೂ ಬಿಟ್ಟಿತ್ತು. 2024ರಲ್ಲಿ 25 ಲಕ್ಷ ಮೀರಿದವಕ್ಕೆ ಶೇ. 10 ಹಾಕಿತು.

ಊರಿಗೆ ಬರುವ ಕಾರು

ಬ್ರಹ್ಮಾವರ, ಕುಂದಾಪುರ, ಬೈಂದೂರಿನಲ್ಲಿ ಮುಂಬಯಿಗೆ ಹೋಗಿ ದುಡಿದವರಿಲ್ಲದ ಮನೆ ಕಡಿಮೆ. ರಜೆಯಲ್ಲಿ ಎಂಎಚ್ ನಂಬರಿನ ಕಾರುಗಳು ಊರಿಗೆ ಬರುತ್ತವೆ, ಆನೆಗುಡ್ಡೆಯಲ್ಲೋ ಮಂದಾರ್ತಿಯಲ್ಲೋ ಪೂಜೆ ಮಾಡಿಸಿಕೊಂಡು ಹಿಂದಿರುಗುತ್ತವೆ. ನೆಲೆ ನಿಲ್ಲಲು ಬಂದವರಿಗೆ ಪ್ರಶ್ನೆ ಏಳುತ್ತದೆ. ಜಿಎಸ್‌ಟಿ ಎಲ್ಲೆಡೆ ಒಂದೇ, ಮತ್ತೆ ಕಟ್ಟಬೇಕಿಲ್ಲ. ಆದರೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಡುವುದಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು ಕೆಎ-20 ನಂಬರ್ ಪಡೆಯಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಇಳಿಯುವ ದರದಲ್ಲಿ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕು. ಮಹಾರಾಷ್ಟ್ರಕ್ಕೆ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ಅಲ್ಲಿ ಅರ್ಜಿ ಹಾಕಿ ಕೇಳಬೇಕು. ಹೊರರಾಜ್ಯದ ಕಾರು ಮೂವತ್ತು ದಿನ ಮೀರಿ ಉಳಿದರೆ ತೆರಿಗೆ ಎಂದು ಕರ್ನಾಟಕ 2014ರಲ್ಲಿ ಮಾಡಿದ ತಿದ್ದುಪಡಿ ಹೈಕೋರ್ಟ್ ಮೆಟ್ಟಿಲೇರಿತ್ತು. ವರ್ಗಾವಣೆಯ ನೌಕರಿಯವರಿಗಾಗಿ 2021ರಲ್ಲಿ ಬಂದ ಬಿಎಚ್ ಸರಣಿಯಲ್ಲಿ ವಾಹನ ತೆರಿಗೆ ಲೆಕ್ಕವಾಗುವುದು ಜಿಎಸ್‌ಟಿ ಕಳೆದ ಬೆಲೆಯ ಮೇಲೆ. ಕೇಂದ್ರದ ನಿಯಮದಲ್ಲಿ ಸಾಧ್ಯವಾದದ್ದು ರಾಜ್ಯದ ಜೀವಾವಧಿ ತೆರಿಗೆಯಲ್ಲೂ ಸಾಧ್ಯವಾಗಬೇಕು.

1957ರ ಮಾರಾಟ ತೆರಿಗೆ ಕಾಯಿದೆ ಕಾರಿನ ಬಿಲ್ಲಿನಿಂದ ಹೋಯಿತು, ಪೆಟ್ರೋಲ್ ಬಂಕಿನಿಂದ ಹೋಗಿಲ್ಲ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗೇ ಉಳಿದಿವೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೂ ಡೀಸೆಲಿನದನ್ನು 14.34ರಿಂದ 18.44ಕ್ಕೂ ಏರಿಸಿತು, 2025ರ ಏಪ್ರಿಲ್ 1ರಿಂದ ಡೀಸೆಲಿಗೆ 21.17 ಆಯಿತು. ಹಾಗಿದ್ದೂ ಕೇರಳಕ್ಕಿಂತ ಇಲ್ಲಿ ಬೆಲೆ ಕಡಿಮೆ ಇರುವುದರಿಂದ ಕಾಸರಗೋಡಿನ ಗಡಿಭಾಗದವರು ತಲಪಾಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ.